ಅಯಸ್ಕಾಂತ ಕಟ್ಟಿದರೆ ಉಪ್ಪು ಎಲ್ಲಿಗೆ ಹೋಗುತ್ತದೆ?

ಕೃಷಿಮೇಳದ ಮಳಿಗೆಯೊಂದರ ಮೇಜಿನ ಮೇಲೆ ಎರಡು ಕುಂಡಗಳಿರುತ್ತವೆ. ಒಂದರಲ್ಲಿ ಮೆಂತ್ಯದ ಸಸಿ ಸೊರಗಿ, ಎಲೆಯಂಚು ಸುಟ್ಟುಕೊಂಡು ನಿಂತಿರುತ್ತದೆ. ಇನ್ನೊಂದರಲ್ಲಿ ಅದೇ ಮೆಂತ್ಯ ಹಸಿರಾಗಿ ಸೊಕ್ಕಿರುತ್ತದೆ. ಎರಡಕ್ಕೂ ಉಣಿಸಿದ್ದು ಒಂದೇ ಕೊಳವೆಬಾವಿಯ ಸವಳು ನೀರು, ಎರಡನೆಯದಕ್ಕೆ ಹಾಕಿದ್ದು ಮಾತ್ರ ಅಯಸ್ಕಾಂತದ ನಡುವೆ ಹಾದುಬಂದದ್ದು ಎಂದು ಚೀಟಿ ಹೇಳುತ್ತದೆ. ಪಕ್ಕದಲ್ಲೇ ಮಾರಾಟದ ಸಾಮಾನು: ಮೊಳದುದ್ದದ ಹೊಳೆಯುವ ಉಕ್ಕಿನ ಕೊಳವೆ, ಎರಡೂ ತುದಿಗೆ ಪೈಪು ಜೋಡಿಸುವ ತಿರುಪು. ಕರೆಂಟು ಬೇಡ, ಫಿಲ್ಟರ್ ಬದಲಿಸುವುದು ಬೇಡ, ಔಷಧ ಬೇಡ. ಪಂಪಿನ ಪೈಪಿಗೆ ಒಮ್ಮೆ ಕೂರಿಸಿದರೆ ವರ್ಷಾನುಗಟ್ಟಲೆ ನಿಶ್ಚಿಂತೆ ಎಂಬ ಭರವಸೆ. ಬೆಲೆ ಪೈಪಿನ ಗಾತ್ರದ ಮೇಲೆ. ಸಾವಿರಗಳಲ್ಲಿ ಶುರುವಾಗಿ ಲಕ್ಷ ಮುಟ್ಟುವುದೂ ಉಂಟು.

ಊರು ಬಿಟ್ಟು ಪುಣೆ, ಹೈದರಾಬಾದು, ಚೆನ್ನೈ ಸೇರಿದ ಕನ್ನಡಿಗರಿಗೂ ಈ ಸಾಮಾನು ಹೊಸದಲ್ಲ. ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು ಗಡಸಾಗಿದೆ ಎಂದು ದೂರು ಬಂದಾಗಲೆಲ್ಲ ಇದರದೇ ದಾಯಾದಿಯೊಂದು ಸಂಘದ ಸಭೆಯಲ್ಲಿ ಪ್ರತ್ಯಕ್ಷವಾಗುತ್ತದೆ. ಅಲ್ಲಿ ಮೋಸಹೋದರೆ ನಲ್ಲಿಗೆ ಒಂದಿಷ್ಟು ಬಿಳಿ ಹಕ್ಕಳೆ ಕಟ್ಟೀತು, ಅಷ್ಟೇ. ಊರಲ್ಲಿ ಉಳಿದು ಹೊಲ ನೋಡಿಕೊಳ್ಳುವ ಅಣ್ಣ ವಾಟ್ಸ್‌ಆಪ್‌ನಲ್ಲಿ ವಿಡಿಯೊ ಕಳಿಸಿ 'ಇದನ್ನ ಹಾಕ್ಸಿದ್ರ ಹ್ಯಾಂಗ?' ಎಂದು ಕೇಳಿದಾಗ ಮಾತು ಬೇರೆ. ಆ ದುಡ್ಡು ಹೋಗುವುದಷ್ಟೇ ಅಲ್ಲ, ಅದರ ಜೊತೆ ಎರಡು ಮೂರು ವರ್ಷವೂ ಹೋಗುತ್ತದೆ. ಸವಳು ನೆಲಕ್ಕೆ ಎರಡು ಮೂರು ವರ್ಷ ಸಣ್ಣ ಅವಧಿಯಲ್ಲ.

ಆದ್ದರಿಂದ ಆ ಮಳಿಗೆಯ ಮುಂದೆ ನಿಂತು ಕೇಳಬೇಕಾದ ಮೊದಲ ಪ್ರಶ್ನೆ ತೀರ ಹಳ್ಳಿಯದು. ನೀರಿನಲ್ಲಿದ್ದ ಉಪ್ಪು ಎಲ್ಲಿಗೆ ಹೋಯಿತು?

ಲೆಕ್ಕ ಹಾಕಿ ನೋಡೋಣ ಎಂದರೆ ಎಸ್ಸೆಸ್ಸೆಲ್ಸಿ ಗಣಿತ ಸಾಕು. ನೀರಿನಲ್ಲಿ ಕರಗಿದ ಲವಣವನ್ನು ಅಂದಾಜಿಸಲು ಅದರ ವಿದ್ಯುತ್ ವಾಹಕತೆ ಅಳೆಯುತ್ತಾರೆ. ಮಣ್ಣು-ನೀರು ಪರೀಕ್ಷೆಯ ಚೀಟಿಯಲ್ಲಿ 'ಇ.ಸಿ.' ಎಂದು ಬರೆದಿರುವುದು ಇದನ್ನೇ. ಮೀಟರಿಗೆ ಇಷ್ಟು ಡೆಸಿಸೀಮೆನ್ಸ್ ಎಂಬುದು ಅದರ ಮಾನ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಂತೆ ನೀರಾವರಿ ನೀರಿನ ಇ.ಸಿ. 0.7ರ ಒಳಗಿದ್ದರೆ ತೊಂದರೆಯಿಲ್ಲ, 3 ದಾಟಿದರೆ ಬಹಳ ಎಚ್ಚರ ಬೇಕು. ಒಂದು ಡೆಸಿಸೀಮೆನ್ಸ್ ಎಂದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣ. ಇ.ಸಿ. 4 ಇರುವ ಕೊಳವೆಬಾವಿಯಲ್ಲಿ ಲೀಟರಿಗೆ ಎರಡೂವರೆ ಗ್ರಾಂ ಇದೆ ಎಂದಾಯಿತು. ಅನ್ನದ ಗಂಜಿಗೆ ಹಾಕುವ ಚಿಟಿಕೆಗಿಂತ ಹೆಚ್ಚೇನಲ್ಲ. ಆದರೆ ಒಂದು ಎಕರೆಗೆ ಒಂದು ಅಂಗುಲ ನೀರು ಹಾಯಿಸಿದರೆ ಅದು ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು. ಆ ಒಂದು ಅಂಗುಲದ ಜೊತೆ ಹೊಲಕ್ಕೆ ಇಳಿಯುವ ಲವಣ 260 ಕೆ.ಜಿ. ಐವತ್ತು ಕಿಲೋದ ಐದು ಚೀಲ ಉಪ್ಪನ್ನು ಬದುವಿನ ಮೇಲಿಂದ ಒಳಗೆ ಸುರಿದಂತೆ. ಕಬ್ಬಿಗೆ ವರ್ಷಕ್ಕೆ ಇಂಥದ್ದು ನಲವತ್ತು ಅಂಗುಲ ಕೊಟ್ಟರೆ ಹತ್ತು ಟನ್ ಮೀರುತ್ತದೆ. ಅಂದರೆ ಒಂದು ಲಾರಿ ಉಪ್ಪು, ಒಂದು ಎಕರೆಗೆ, ಒಂದೇ ವರ್ಷದಲ್ಲಿ.

ನೀರು ಆವಿಯಾಗಿ ಹೋಗುತ್ತದೆ, ಬೆಳೆ ಕುಡಿದು ಎಲೆಯ ಮೂಲಕ ಬಿಡುತ್ತದೆ. ಲವಣ ಆವಿಯಾಗುವುದಿಲ್ಲ. ಬೆಳೆ ತನ್ನ ಮೈಯಲ್ಲಿ ಹೊತ್ತೊಯ್ಯುವುದು ಅತ್ಯಲ್ಪ. ಉಳಿದದ್ದೆಲ್ಲ ಮಣ್ಣಿನಲ್ಲೇ ಇರಬೇಕು, ಇಲ್ಲವೇ ಬೇರಿನ ಕೆಳಗೆ ಬಸಿದು ಹೋಗಬೇಕು. ಮೂರನೆಯ ದಾರಿ ಇಲ್ಲ. ಪೈಪಿನ ಸುತ್ತ ಏನೇ ಸುತ್ತಿದರೂ ಈ ಲೆಕ್ಕದಲ್ಲಿ ಒಂದು ಕಿಲೋ ಕಡಿಮೆಯಾಗುವುದಿಲ್ಲ.

ಮಾರುವವರಿಗೆ ಇದು ಗೊತ್ತಿಲ್ಲ ಎಂದುಕೊಳ್ಳಬೇಕಿಲ್ಲ. ಗಟ್ಟಿಯಾಗಿ ಕೇಳಿದರೆ ಅವರೇ ಒಪ್ಪುತ್ತಾರೆ: 'ಉಪ್ಪು ತೆಗೆಯುತ್ತದೆ ಎಂದು ನಾವು ಹೇಳುವುದೇ ಇಲ್ಲ ಸಾರ್, ಉಪ್ಪಿನ ಗುಣ ಬದಲಾಗುತ್ತದೆ.' ಇ.ಸಿ. ಮೀಟರ್ ಅದ್ದಿದರೆ ಸುಳ್ಳು ಹೊರಬೀಳುತ್ತದೆ ಎಂಬ ಕಾರಣಕ್ಕೇ ಇರಬೇಕು, ವಾದ ಮೀಟರಿಗೆ ಸಿಗದ ಜಾಗಕ್ಕೆ ಸರಿಯಿತು. ಈಗ ಕೇಳಿಬರುವುದು ಎರಡು ಮಾತು. ಉಪ್ಪಿನ ಹರಳುಗಳು ಒಡೆದು ಸಣ್ಣಗಾಗುತ್ತವೆ ಎಂಬುದು ಮೊದಲನೆಯದು. ನೀರಿನ ಅಣುಗಳ ದೊಡ್ಡ ಗೊಂಚಲುಗಳು ಬಿಚ್ಚಿ ಸಣ್ಣ ಗೊಂಚಲಾಗಿ ಬೇರಿನೊಳಗೆ ಸಲೀಸಾಗಿ ನುಗ್ಗುತ್ತವೆ ಎಂಬುದು ಎರಡನೆಯದು.

ಮೊದಲನೆಯದಕ್ಕೆ ಉತ್ತರ ಅಡುಗೆಮನೆಯಲ್ಲೇ ಇದೆ. ಸಾರಿನಲ್ಲಿ ಕರಗಿದ ಉಪ್ಪಿನಲ್ಲಿ ಹರಳು ಎಲ್ಲಿರುತ್ತದೆ? ಕರಗುವುದು ಎಂದರೇ ಸೋಡಿಯಂ, ಕ್ಲೋರೈಡುಗಳು ಒಂದೊಂದೇ ಅಯಾನುಗಳಾಗಿ ಬಿಡಿಬಿಡಿಯಾಗಿ ನೀರಿನಲ್ಲಿ ತೇಲುವುದು. ಅದಕ್ಕಿಂತ ಸಣ್ಣದು ಮಾಡಲು ಏನೂ ಉಳಿದಿಲ್ಲ. ಬೇರಿಗೆ ತೊಂದರೆ ಕೊಡುವುದೂ ಅವುಗಳ ಗಾತ್ರವಲ್ಲ, ಸಂಖ್ಯೆ. ಹೊರಗಿನ ನೀರಿನಲ್ಲಿ ಅಯಾನುಗಳು ಹೆಚ್ಚಿದಷ್ಟೂ ನೀರನ್ನು ಒಳಗೆಳೆದುಕೊಳ್ಳಲು ಬೇರು ಹೆಚ್ಚು ಹೆಣಗಬೇಕು. ನೆಲ ಒದ್ದೆಯಿದ್ದರೂ ಬೆಳೆ ಬಾಡುವುದು ಇದರಿಂದಲೇ.

ಎರಡನೆಯ ಮಾತಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಅದು ವಿಜ್ಞಾನದ ಹಾಗೆ ಕೇಳಿಸುತ್ತದೆ. ನೀರಿನ ಅಣುಗಳು ಒಂದನ್ನೊಂದು ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡಿರುವುದು ನಿಜ. ಆದರೆ ಆ ಹಿಡಿತ ಬಾಳುವುದು ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಹೊತ್ತು, ಹೆಚ್ಚೆಂದರೆ ಅಂಥ ಕೆಲವು ಭಾಗ. ಜಾತ್ರೆಯ ನೂಕುನುಗ್ಗಲಿನಲ್ಲಿ ಕೈ ಹಿಡಿದು ಬಿಟ್ಟು ಇನ್ನೊಬ್ಬರ ಕೈ ಹಿಡಿಯುವಂತೆ ಅದು ಸದಾ ಬದಲಾಗುತ್ತಲೇ ಇರುತ್ತದೆ. ಪಂಪಿನ ಬಳಿ ಬಿಚ್ಚಿದ ಗೊಂಚಲು ಪೈಪಿನಲ್ಲಿ ಹರಿದು, ಕಾಲುವೆಯಲ್ಲಿ ಹೊರಳಿ, ಮಣ್ಣಿನಲ್ಲಿ ಮೂರು ದಿನ ಕಾದು, ಬಿಚ್ಚಿದ ಹಾಗೆಯೇ ಬೇರಿನ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದು ನಂಬುವುದು ಹೇಗೆ? ಇನ್ನು ಬೇರಿನ ಬಾಗಿಲಾದರೂ ಎಂಥದ್ದು? ಜೀವಕೋಶದ ಪೊರೆಯಲ್ಲಿ ನೀರು ಹಾಯಲೆಂದೇ ಅಕ್ವಾಪೊರಿನ್ ಎಂಬ ಪ್ರೋಟೀನಿನ ನಾಳಗಳಿವೆ. ಅದನ್ನು ಕಂಡುಹಿಡಿದದ್ದಕ್ಕೆ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ನಾಳದ ಕಿರಿದು ಜಾಗದಲ್ಲಿ ನೀರಿನ ಅಣುಗಳು ಒಂದರ ಹಿಂದೆ ಒಂದು ಸಾಲಾಗಿ ದಾಟುತ್ತವೆ. ಗೊಂಚಲು ಸಣ್ಣದೋ ದೊಡ್ಡದೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಅಯಸ್ಕಾಂತದ ಪ್ರಭಾವವನ್ನು ನೀರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ ಎಂಬುದನ್ನು ಅಳೆದವರೂ ಇದ್ದಾರೆ. ಆಸ್ಪತ್ರೆಯಲ್ಲಿ ಎಂ.ಆರ್.ಐ. ಮಾಡಿಸಿಕೊಂಡವರೆಲ್ಲ ಆ ಅಳತೆಗೆ ಮೈ ಒಡ್ಡಿದವರೇ. ಆ ಯಂತ್ರಗಳಲ್ಲಿ ಬಹುಪಾಲು 1.5 ಅಥವಾ 3 ಟೆಸ್ಲಾದವು. ಮೈಯಲ್ಲಿರುವುದು ಹೆಚ್ಚಿನಂಶ ನೀರು, ಅದೂ ಉಪ್ಪುನೀರು. ಆ ನೀರಿನಲ್ಲಿರುವ ಹೈಡ್ರೋಜನ್ನಿನ ಬೀಜಗಳನ್ನು ಅಲುಗಿಸಿ, ಅವು ಮತ್ತೆ ತಮ್ಮ ಸ್ಥಿತಿಗೆ ಮರಳಲು ತೆಗೆದುಕೊಳ್ಳುವ ಕಾಲವನ್ನು ಅಳೆದೇ ಎಂ.ಆರ್.ಐ. ಚಿತ್ರ ಮೂಡುತ್ತದೆ. ಆ ಕಾಲ ಒಂದು ಸೆಕೆಂಡಿನ ಚೂರಿನಿಂದ ಕೆಲವು ಸೆಕೆಂಡು. ಅರ್ಧ ತಾಸು ಅಂಥ ಕ್ಷೇತ್ರದೊಳಗೆ ಮಲಗಿ ಎದ್ದವರ ರಕ್ತದ ಸೋಡಿಯಂ 'ಗುಣ ಬದಲಿಸಿ'ದ್ದರೆ ವೈದ್ಯರು ಕಂಗಾಲಾಗುತ್ತಿದ್ದರು. ಇತ್ತ ಹೊಲದ ಪೈಪಿನಲ್ಲಿ ನೀರು ಸೆಕೆಂಡಿಗೆ ಒಂದೆರಡು ಮೀಟರ್ ವೇಗದಲ್ಲಿ ಓಡುತ್ತದೆ. ಮೊಳದುದ್ದದ ಅಯಸ್ಕಾಂತವನ್ನು ಅದು ದಾಟುವುದು ಕಣ್ಣು ಮಿಟುಕಿಸುವಷ್ಟರಲ್ಲಿ.

ಇಷ್ಟರಿಂದ ನೀರು ಮತ್ತು ಅಯಸ್ಕಾಂತದ ನಡುವೆ ಏನೂ ನಡೆಯುವುದೇ ಇಲ್ಲ ಎಂದು ತೀರ್ಮಾನಿಸುವುದೂ ತಪ್ಪು. ಬಾಯ್ಲರುಗಳ ಒಳಗೆ ಸುಣ್ಣದ ಹಕ್ಕಳೆ ಕಟ್ಟದಂತೆ ನೀರನ್ನು ಅಯಸ್ಕಾಂತದ ನಡುವೆ ಹಾಯಿಸುವ ಪೇಟೆಂಟ್ 1945ರಲ್ಲೇ ಬೆಲ್ಜಿಯಂನ ವರ್ಮೇರೆನ್ ಎಂಬುವರಿಗೆ ಸಿಕ್ಕಿತ್ತು. ಸೋವಿಯತ್ ಒಕ್ಕೂಟದಲ್ಲಿ ಅದರ ಬಳಕೆ ವ್ಯಾಪಕವಾಗಿತ್ತು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಭೌತವಿಜ್ಞಾನಿ ಮೈಕೆಲ್ ಕೋಯ್ ತಮ್ಮ ಸಹವರ್ತಿಯೊಡನೆ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಯಸ್ಕಾಂತ ದಾಟಿದ ಗಡಸು ನೀರನ್ನು ಕಾಯಿಸಿದಾಗ ಕ್ಯಾಲ್ಸಿಯಂ ಕಾರ್ಬೊನೇಟು ಗಟ್ಟಿಯಾಗಿ ಅಂಟುವ ಕ್ಯಾಲ್ಸೈಟ್ ರೂಪಕ್ಕಿಂತ ಅರಗೋನೈಟ್ ಎಂಬ ಇನ್ನೊಂದು ರೂಪದಲ್ಲಿ ಹೆಚ್ಚು ಕಾಣಿಸಿಕೊಂಡಿತು. ಕಪ್ಪೆಯೊಂದನ್ನು 16 ಟೆಸ್ಲಾದ ಕ್ಷೇತ್ರದಲ್ಲಿ ಗಾಳಿಯಲ್ಲಿ ತೇಲಿಸಿ ಹೆಸರಾದ, ಮುಂದೆ ಗ್ರಾಫೀನ್‌ಗಾಗಿ 2010ರ ನೊಬೆಲ್ ಪಡೆದ ಆಂದ್ರೆ ಗೈಮ್ ಅವರಿಗೂ ಈ ಒಗಟಿನ ಮೇಲೆ ಕುತೂಹಲವಿತ್ತು. ವರ್ಷಗಳ ಅಂತರದಲ್ಲಿ ಹಲವು ಸಲ ಕೈಯಾಡಿಸಿಯೂ ಖಚಿತವಾಗಿ ಹೇಳುವಂಥದ್ದೇನೂ ಸಿಗಲಿಲ್ಲ ಎಂದು ನೊಬೆಲ್ ಉಪನ್ಯಾಸದಲ್ಲೇ ಅವರು ಒಪ್ಪಿಕೊಂಡರು. ಅಂಥ ಪ್ರಯೋಗಾಲಯ ಇದ್ದವರು ಹೇಳಲಾರದ್ದನ್ನು ಮಳಿಗೆಯ ಹುಡುಗ ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಾನೆ.

ಗಮನಿಸಬೇಕಾದ್ದು, ಆ ಸಂಶೋಧನೆಯೆಲ್ಲ ಸುಣ್ಣದ್ದು. ಕ್ಯಾಲ್ಸಿಯಂ ಕಾರ್ಬೊನೇಟು ನೀರಿನಲ್ಲಿ ಕರಗಲು ಒಲ್ಲದ ವಸ್ತು, ಸಣ್ಣ ನೆಪ ಸಿಕ್ಕರೂ ಹೊರಬಂದು ಹರಳಾಗುತ್ತದೆ. ಹರಳು ಹೇಗೆ ಕಟ್ಟುತ್ತದೆ ಎಂಬುದರ ಮೇಲೆ ಏನಾದರೂ ಪ್ರಭಾವ ಇದ್ದೀತು. ಬೆಳೆಯನ್ನು ಕೊಲ್ಲುವ ಸೋಡಿಯಂ ಕ್ಲೋರೈಡು ಹಾಗಲ್ಲ. ಲೀಟರಿಗೆ 350 ಗ್ರಾಂವರೆಗೂ ಸುಖವಾಗಿ ಕರಗಿ ಕೂರುವಂಥದ್ದು. ಲೀಟರಿಗೆ ಎರಡೂವರೆ ಗ್ರಾಂ ಇರುವಾಗ ಅದಕ್ಕೆ ಹರಳಾಗುವ ಯೋಚನೆಯೇ ಇಲ್ಲ. ಸುಣ್ಣದ ಅರೆಬೆಂದ ಪುರಾವೆಯನ್ನು ತಂದು ಉಪ್ಪಿನ ಲೆಕ್ಕಕ್ಕೆ ಜಮೆ ಮಾಡುವುದೇ ಈ ವ್ಯಾಪಾರದ ಕೈಚಳಕ.

ಹಾಗಾದರೆ ಬೆಳೆಯ ಮೇಲೇ ಮಾಡಿದ ಪ್ರಯೋಗಗಳು? ಅವೂ ಇವೆ. ಈಜಿಪ್ಟ್, ಇರಾನ್‌ಗಳಿಂದ ಬಂದವು ಇವೆ. ಹೆಚ್ಚು ಉಲ್ಲೇಖವಾಗುವುದು ವೆಸ್ಟರ್ನ್ ಸಿಡ್ನಿ ವಿಶ್ವವಿದ್ಯಾಲಯದ ಬಸಂತ್ ಮಾಹೇಶ್ವರಿ ಮತ್ತು ಹರ್ಷರಣ್ ಗ್ರೆವಾಲ್ 2009ರಲ್ಲಿ ಪ್ರಕಟಿಸಿದ್ದು. ಗಾಜಿನಮನೆಯೊಳಗೆ ಕುಂಡಗಳಲ್ಲಿ ನಡೆದ ಪ್ರಯೋಗ ಅದು. ಲೀಟರಿಗೆ 3,000 ಮಿಲಿಗ್ರಾಂ ಲವಣದ ನೀರನ್ನು ಅಯಸ್ಕಾಂತದ ನಡುವೆ ಹಾಯಿಸಿ ಉಣಿಸಿದಾಗ ಸೆಲರಿ ಸೊಪ್ಪಿನ ಇಳುವರಿ 23% ಹೆಚ್ಚು ಬಂತು. ಮಾರಾಟದ ಕರಪತ್ರಗಳಿಗೆ ಇಷ್ಟು ಸಾಕು. ಅದೇ ಪ್ರಬಂಧದ ಮುಂದಿನ ಮಾತು ಕರಪತ್ರದಲ್ಲಿ ಇರುವುದಿಲ್ಲ: ಸಿಪ್ಪೆಸಹಿತ ತಿನ್ನುವ ಬಟಾಣಿ ತಳಿಗೆ ಸಿಕ್ಕ ಹೆಚ್ಚಳ 6 ರಿಂದ 8%, ಮಾಮೂಲಿ ಬಟಾಣಿಗೆ ಏನೇನೂ ಇಲ್ಲ. ಫಲಿತಾಂಶ ಕುತೂಹಲಕರ, ಆದರೆ ಹೊಲದಲ್ಲಿ ಇನ್ನೂ ಪರೀಕ್ಷೆಯಾಗಬೇಕು ಎಂದು ಪ್ರಬಂಧಕಾರರೇ ಹೇಳಿದ್ದರು. ಪ್ರಾಮಾಣಿಕವಾಗಿ ಬರೆದ ಪ್ರಬಂಧ ಅದು. ಅದನ್ನು ದುಡಿಸಿಕೊಂಡವರು ಅಷ್ಟು ಪ್ರಾಮಾಣಿಕರಲ್ಲ.

ಒಂದೇ ಅಯಸ್ಕಾಂತ ಸೆಲರಿಗೆ ಒಲಿದು ಬಟಾಣಿಗೆ ಮುನಿಯುವುದಕ್ಕೆ ಕಾರಣ ಯಾರಿಗೂ ಗೊತ್ತಿಲ್ಲ. ಇಂಥ ಅಂಚಿನ ಫಲಿತಾಂಶಗಳ ಇತಿಹಾಸವನ್ನು ವಿಜ್ಞಾನ ಚೆನ್ನಾಗಿ ಬಲ್ಲದು. 1960ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು 'ಪಾಲಿವಾಟರ್' ಎಂಬ ಹೊಸ ಬಗೆಯ ದಪ್ಪ ನೀರು ಸಿಕ್ಕಿತೆಂದರು. ಜಗತ್ತಿನೆಲ್ಲೆಡೆಯ ಪ್ರಯೋಗಾಲಯಗಳು ಅದರ ಹಿಂದೆ ಬಿದ್ದು ನೂರಾರು ಪ್ರಬಂಧ ಬರೆದವು. ಕೊನೆಗೆ ಅದು ಕೊಳೆ ಬೆರೆತ ನೀರು ಎಂದಾಯಿತು. 1973ರಲ್ಲಿ ಆ ತಂಡದ ಮುಖ್ಯಸ್ಥ ಡೆರ್ಯಾಗಿನ್ ಅವರೇ ಹಾಗೆಂದು ಒಪ್ಪಿದರು. ಸಾಲ ಮಾಡಿ ಪಾಲಿವಾಟರ್ ಕೊಳ್ಳಬೇಕಾಗಿದ್ದ ರೈತ ಆಗ ಇರಲಿಲ್ಲ ಎಂಬುದೊಂದೇ ಸಮಾಧಾನ.

ಕುಂಡಕ್ಕೂ ಹೊಲಕ್ಕೂ ಇರುವ ವ್ಯತ್ಯಾಸವೂ ಇಲ್ಲಿ ಸಣ್ಣದಲ್ಲ. ಕುಂಡದ ತಳದಲ್ಲಿ ತೂತು ಇರುತ್ತದೆ. ಹಾಕಿದ ನೀರು ಹೆಚ್ಚಾದರೆ ಉಪ್ಪನ್ನೂ ಹೊತ್ತು ಕೆಳಗೆ ಇಳಿದುಹೋಗುತ್ತದೆ. ಕೃಷ್ಣಾ ತೀರದ ಎರೆಭೂಮಿಯ ತಳದಲ್ಲಿ ತೂತಿಲ್ಲ. ಜಿಗುಟು ಜೇಡಿಯ ಆ ಮಣ್ಣಿನಲ್ಲಿ ಸೋಡಿಯಂ ಸೇರಿದಷ್ಟೂ ಕಣಗಳು ಬಿಡಿಯಾಗಿ ಸಂದುಗಳೆಲ್ಲ ಮುಚ್ಚಿ, ನೀರು ಮೇಲೆ ನಿಲ್ಲುತ್ತದೆ, ಒಣಗಿದರೆ ಗಾರೆಯಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಸವಳು-ಜವಳು ಎಂದು ಎರಡನ್ನೂ ಒಂದೇ ಉಸಿರಿಗೆ ಹೇಳುವುದು ಸುಮ್ಮನೆ ಅಲ್ಲ. ಉಪ್ಪು ಮತ್ತು ನಿಂತ ನೀರು ಅಲ್ಲಿ ಒಂದೇ ರೋಗದ ಎರಡು ಮುಖ. ಅಯಸ್ಕಾಂತದ ನೀರು ಮಣ್ಣಿನ ಉಪ್ಪನ್ನು ಚೆನ್ನಾಗಿ ತೊಳೆಯುತ್ತದೆ ಎಂದು ಕೆಲವು ಪ್ರಬಂಧಗಳು ಹೇಳುತ್ತವೆ. ಆಗಲಿ, ಒಂದು ಗಳಿಗೆ ಅದನ್ನೂ ಒಪ್ಪೋಣ. ತೊಳೆದ ಕೊಳೆ ಹೊರಹೋಗಲು ಬಚ್ಚಲು ಬೇಡವೇ?

'ಹಾಕಿಸಿದ ರೈತರೇ ಫಲ ಬಂದಿದೆ ಎನ್ನುತ್ತಾರಲ್ಲ' ಎಂಬುದು ಕೊನೆಯ ಅಸ್ತ್ರ. ಆ ರೈತರು ಸುಳ್ಳು ಹೇಳುತ್ತಿಲ್ಲ. ಯಾವ ವರ್ಷ ಯಾರು ಇಂಥದ್ದನ್ನು ಕೊಳ್ಳುತ್ತಾರೆ ಎಂದು ಯೋಚಿಸಿದರೆ ಗುಟ್ಟು ತಿಳಿಯುತ್ತದೆ. ಮಳೆ ಕೈಕೊಟ್ಟು, ಬಾವಿ ಆಳಕ್ಕಿಳಿದು ನೀರು ಇನ್ನಷ್ಟು ಉಪ್ಪಾಗಿ, ಕೂಳೆ ಕಬ್ಬು ಹಳದಿ ತಿರುಗಿದ ವರ್ಷ, ಅತ್ಯಂತ ಕೆಟ್ಟ ವರ್ಷ. ಅತ್ಯಂತ ಕೆಟ್ಟ ವರ್ಷದ ನಂತರದ ವರ್ಷ ಸಾಮಾನ್ಯವಾಗಿ ಅದಕ್ಕಿಂತ ವಾಸಿಯಾಗಿಯೇ ಇರುತ್ತದೆ. ಮುಂಗಾರು ಚೆನ್ನಾಗಿ ಬಿದ್ದರೆ ಮಳೆಯ ಸಿಹಿನೀರು ಮೇಲ್ಮಣ್ಣಿನ ಉಪ್ಪನ್ನು ಒಂದಡಿ ಕೆಳಕ್ಕೆ ತಳ್ಳುತ್ತದೆ, ಬೆಳೆ ಏಳುತ್ತದೆ. ಅಷ್ಟು ದುಡ್ಡು ಸುರಿದವರು ಆ ವರ್ಷ ಗೊಬ್ಬರವನ್ನೂ ತುಸು ಹೆಚ್ಚು ಹಾಕಿರುತ್ತಾರೆ, ಹೊಲಕ್ಕೂ ಎರಡು ಸಲ ಹೆಚ್ಚು ಹೋಗಿ ಬಂದಿರುತ್ತಾರೆ. ಕೀರ್ತಿ ಮಾತ್ರ ಕೊಳವೆಗೆ. ಪಕ್ಕದ ಅರ್ಧ ಎಕರೆಗೆ ಅಯಸ್ಕಾಂತವಿಲ್ಲದ ಅದೇ ನಮೂನೆಯ ಖಾಲಿ ಕೊಳವೆ ಕೂರಿಸಿ, ಯಾವುದು ಯಾವುದೆಂದು ರೈತನಿಗೂ ಅಳೆಯುವವನಿಗೂ ತಿಳಿಸದೆ ಮೂರು ಬೆಳೆ ತೆಗೆದು ನೋಡಿದ ಮಾರಾಟಗಾರ ಯಾರಾದರೂ ಇದ್ದರೆ ಅವರ ಕರಪತ್ರ ಓದುವುದಕ್ಕೆ ಯೋಗ್ಯವಾದೀತು.

ಇಷ್ಟೆಲ್ಲ ಸಿಟ್ಟು ಮಳಿಗೆಯ ಹುಡುಗನ ಮೇಲೆ ತೀರಿಸಿಕೊಂಡರೆ ದೊಡ್ಡ ಅಪರಾಧಿಗಳು ಪಾರಾಗುತ್ತಾರೆ. ಈ ಸಾಮಾನು ಇಷ್ಟು ಸಲೀಸಾಗಿ ಮಾರಾಟವಾಗಲು ಎರಡು ಕಾರಣಗಳಿವೆ. ಎರಡಕ್ಕೂ ಸರ್ಕಾರ ಉತ್ತರ ಹೇಳಬೇಕು.

ಮೊದಲನೆಯದು ಕಾನೂನಿನ ತೂತು. ಬೀಜಕ್ಕೆ 1966ರ ಕಾಯ್ದೆ ಇದೆ. ಕೀಟನಾಶಕಕ್ಕೆ 1968ರದು. ರಸಗೊಬ್ಬರಕ್ಕೆ 1985ರ ನಿಯಂತ್ರಣ ಆದೇಶ. ಕಡಲಪಾಚಿಯ ರಸದಂಥ 'ಜೈವಿಕ ಉತ್ತೇಜಕ'ಗಳು ಕೂಡ 2021ರಲ್ಲಿ ಅದೇ ಆದೇಶದೊಳಗೆ ಬಂದು, ಪರಿಣಾಮದ ಪುರಾವೆ ಕೊಟ್ಟು ನೋಂದಾಯಿಸಿಕೊಳ್ಳಬೇಕಾಯಿತು. ಇಳುವರಿ ಹೆಚ್ಚಿಸುತ್ತೇನೆ ಎನ್ನುವ ಬಾಟಲಿ ಪುರಾವೆ ತೋರಿಸಬೇಕು, ಅದೇ ಮಾತು ಹೇಳುವ ಅಯಸ್ಕಾಂತ ತೋರಿಸಬೇಕಿಲ್ಲ, ಏಕೆಂದರೆ ಅದು ಗೊಬ್ಬರವಲ್ಲ, ಬರೀ ಪೈಪಿನ ಬಿಡಿಭಾಗ! 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೂ ದಂಡ ಹಾಕಬಹುದು. ಆದರೆ ದೂರು ಕೊಡಬೇಕಾದವನಿಗೆ ತಾನು ಮೋಸಹೋದೆನೆಂದು ತಿಳಿಯುವುದೇ ಮೂರು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ರಸೀದಿ ಗೆದ್ದಲು ಹಿಡಿದಿರುತ್ತದೆ.

ಎರಡನೆಯದು ಇದಕ್ಕಿಂತ ಹಳೆಯ ಪಾಪ. ಸವಳು ನೆಲಕ್ಕೆ ಮದ್ದು ಗೊತ್ತಿಲ್ಲದೆ ರೈತ ಅಯಸ್ಕಾಂತದ ಕಡೆ ಹೋಗುತ್ತಿಲ್ಲ. ಮದ್ದು ನೂರು ವರ್ಷದಿಂದ ಗೊತ್ತಿದೆ. ಪುಣೆ ಜಿಲ್ಲೆಯ ನೀರಾ ಎಡದಂಡೆ ಕಾಲುವೆಯ ಕೆಳಗೆ ಕಬ್ಬು ಬೆಳೆದ ನೆಲ ಬೆಳ್ಳಗಾಗತೊಡಗಿದಾಗ, ಪುಣೆಯ ಕೃಷಿ ಕಾಲೇಜಿನ ಪ್ರಾಚಾರ್ಯ ಹೆರಾಲ್ಡ್ ಮ್ಯಾನ್ ತಮ್ಮ ಸಹಾಯಕ ತಾಮ್ಹಾಣೆಯವರೊಂದಿಗೆ ಆ ಕಣಿವೆಯ ಉಪ್ಪುನೆಲಗಳನ್ನು ಅಭ್ಯಾಸ ಮಾಡಿ 1910ರಲ್ಲೇ ವರದಿ ಪ್ರಕಟಿಸಿದರು. ಮುಂಬೈ ಪ್ರಾಂತ್ಯದ ಎಂಜಿನಿಯರ್ ಕ್ಲಾಡ್ ಇಂಗ್ಲಿಸ್ ದಖ್ಖನಿನ ಕಾಲುವೆಗಳ ಕೆಳಗೆ ಬಸಿಗಾಲುವೆ ತೋಡಿಸುವ ಕೆಲಸದಲ್ಲಿ ವರ್ಷಗಳನ್ನೇ ಕಳೆದರು. ಇಂದು ಖಡಕವಾಸ್ಲಾದಲ್ಲಿರುವ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದ ಬೇರು 1916ರಲ್ಲಿ ನೀರಾವರಿಯ ಇಂಥ ತೊಡಕುಗಳನ್ನು ಬಿಡಿಸಲೆಂದು ಹುಟ್ಟಿದ ಸಣ್ಣ ವಿಭಾಗದಲ್ಲಿದೆ. 1969ರಲ್ಲಿ ಹರಿಯಾಣದ ಕರ್ನಾಲ್‌ನಲ್ಲಿ ಕೇಂದ್ರೀಯ ಸವಳು ಮಣ್ಣು ಸಂಶೋಧನಾ ಸಂಸ್ಥೆಯೇ ಶುರುವಾಯಿತು. ದೇಶದಲ್ಲಿ ಸುಮಾರು 67 ಲಕ್ಷ ಹೆಕ್ಟೇರ್ ಲವಣಪೀಡಿತ ಎಂಬ ಅಂದಾಜು ಆ ಸಂಸ್ಥೆಯದು. ಸೋಡಿಯಂ ಹೆಚ್ಚಿದ ಕ್ಷಾರ ಮಣ್ಣಿಗೆ ಜಿಪ್ಸಂ ಹಾಕಿ, ಅದರ ಕ್ಯಾಲ್ಸಿಯಂ ಮಣ್ಣಿನ ಕಣಗಳಿಂದ ಸೋಡಿಯಂ ಬಿಡಿಸಿದ ಮೇಲೆ ಒಳ್ಳೆಯ ನೀರಿನಿಂದ ತೊಳೆದು ಹೊರಹಾಕುವ ವಿಧಾನ ಅಲ್ಲಿ ಪಕ್ವವಾಯಿತು. ಸವಳು ತಾಳುವ ಸಿ.ಎಸ್.ಆರ್. 30 ಬಾಸ್ಮತಿ ಭತ್ತ ಬಂದದ್ದೂ ಅಲ್ಲಿಂದಲೇ. ಕರ್ನಾಟಕದಲ್ಲಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದೇ ಕೆಲಸಕ್ಕಾಗಿ ಇದೆ.

ಯಾವ ಬೆಳೆ ಎಷ್ಟು ಉಪ್ಪು ತಾಳುತ್ತದೆ ಎಂಬ ಕೋಷ್ಟಕವೂ ದಶಕಗಳಿಂದ ಪುಸ್ತಕದಲ್ಲಿದೆ. ಮಣ್ಣಿನ ಇ.ಸಿ. 1.7 ದಾಟುತ್ತಿದ್ದಂತೆ ಕಬ್ಬು ಸೋಲತೊಡಗುತ್ತದೆ. ಆಮೇಲೆ ಪ್ರತಿ ಡೆಸಿಸೀಮೆನ್ಸಿಗೆ ಸುಮಾರು 6% ಇಳುವರಿ ನಷ್ಟ. ಈರುಳ್ಳಿ 1.2ಕ್ಕೇ ಸೋಲುತ್ತದೆ, ನಷ್ಟವೂ ಇನ್ನೂ ಕಡಿದು. ಹತ್ತಿ 7.7ರವರೆಗೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಳೆ ಬದಲಿಸುವುದು ಒಂದು ಉಪಾಯ ಎಂದಾಯಿತು. ಆದರೆ ಸಕ್ಕರೆ ಕಾರ್ಖಾನೆ ಪಕ್ಕದಲ್ಲಿರುವಾಗ ಕಬ್ಬು ಬಿಡು ಎಂದು ಒಬ್ಬ ರೈತನಿಗೆ ಹೇಳುವುದು ಸುಲಭದ ಮಾತಲ್ಲ.

ಮೇಲಿನ ಮದ್ದುಗಳಿಗೆಲ್ಲ ಒಂದು ಸಮಾನ ದೋಷವಿದೆ. ಅವು ಒಬ್ಬನ ಕೈಯಲ್ಲಿ ಆಗುವುದಿಲ್ಲ. ನೆಲದಡಿ ಬಸಿಗೊಳವೆ ಹಾಕುವುದನ್ನೇ ನೋಡಿ. ಮೂರ್ನಾಲ್ಕು ಅಡಿ ಆಳದಲ್ಲಿ ತೂತುಗಳಿರುವ ಪ್ಲಾಸ್ಟಿಕ್ ಪೈಪುಗಳನ್ನು ಸಾಲಾಗಿ ಹೂತು, ಬಸಿದ ನೀರನ್ನು ದೊಡ್ಡ ಪೈಪಿಗೆ ಸೇರಿಸಿ, ಅಲ್ಲಿಂದ ಹಳ್ಳಕ್ಕೆ ಬಿಡಬೇಕು. ಸಾಂಗ್ಲಿ, ಕೊಲ್ಹಾಪುರದ ಕಬ್ಬಿನ ಸೀಮೆಯಲ್ಲಿ, ಬೆಳಗಾವಿ ಜಿಲ್ಲೆಯ ಉಗಾರ ಬುದ್ರುಕದಲ್ಲಿ ಇದನ್ನು ಮಾಡಿ ಬಿಟ್ಟುಹೋದ ನೆಲಕ್ಕೆ ಮತ್ತೆ ಬೆಳೆ ತಂದಿದ್ದಾರೆ. ಆದರೆ ಮೇಲಿನ ಹೊಲದವನು, ನಡುವಿನವನು, ಹಳ್ಳದ ಪಕ್ಕದವನು ಎಲ್ಲರೂ ಒಪ್ಪಬೇಕು. ಅರ್ಧ ಹಣವಾದರೂ ಸರ್ಕಾರ ಹಾಕಬೇಕು, ಇಳಿಜಾರು ನೋಡಿ ನಕ್ಷೆ ಹಾಕುವ ಎಂಜಿನಿಯರ್ ಬೇಕು, ಹೂಳು ತೆಗೆಯುವ ಸಂಘ ಬೇಕು. ಅಯಸ್ಕಾಂತಕ್ಕೆ ಇದು ಯಾವುದೂ ಬೇಡ. ಯಾರ ಒಪ್ಪಿಗೆಯೂ ಬೇಡದೆ, ಸಂಜೆಯೊಳಗೆ ಕೂರಿಸಿ, ರಾತ್ರಿ ಪಂಪು ಹಾಕಬಹುದು. ಎಲ್ಲರೂ ಸೇರಿ ಮಾಡಬೇಕಾದ ಕೆಲಸ ಆಗದೆ ಉಳಿದ ಊರಿನಲ್ಲಿ ಒಬ್ಬೊಬ್ಬನಿಗೂ ಬಿಡಿಬಿಡಿಯಾಗಿ ಮಾರಬಹುದಾದ ಸಾಮಾನು ಅದು.

ತುಂಗಭದ್ರಾ ಎಡದಂಡೆಯನ್ನು ನೋಡಿದರೆ ಈ 'ಆಗದೆ ಉಳಿಯುವಿಕೆ' ಎಷ್ಟು ವ್ಯವಸ್ಥಿತವಾಗಿ ನಡೆಯಿತೆಂದು ಕಾಣುತ್ತದೆ. ಆ ಯೋಜನೆ ಹಾಕಿದಾಗ ಬಹುಪಾಲು ನೆಲಕ್ಕೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಯೇ ನಿಗದಿಯಾಗಿತ್ತು. ನೀರು ಬಂದದ್ದೇ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹರಡಿತು. ಗಂಗಾವತಿ, ಸಿಂಧನೂರು, ಮಾನ್ವಿಯ ಎರೆಭೂಮಿಯಲ್ಲಿ ನೀರು ನಿಂತು ಸವಳು ಎದ್ದಿತು, ಕೊನೆಭಾಗದ ರೈತರಿಗೆ ನೀರೇ ಇಲ್ಲ. ನೀರು ತರುವ ಕಾಲುವೆಗೆ ಶಂಕುಸ್ಥಾಪನೆ, ಉದ್ಘಾಟನೆ, ಹಾರ ಎಲ್ಲ ಉಂಟು. ನೀರು ಹೊರಹಾಕುವ ಬಸಿಗಾಲುವೆಗೆ ಹಾರ ಹಾಕಿಸಿಕೊಂಡ ಮಂತ್ರಿಯ ಫೋಟೊ ಹುಡುಕಿದರೂ ಸಿಗಲಿಕ್ಕಿಲ್ಲ. ನೀರಾವರಿಗೆ ಮತ ಬೀಳುತ್ತದೆ, ಬಸಿಯುವುದಕ್ಕೆ ಬೀಳುವುದಿಲ್ಲ.

ಕೃಷಿ ವಿಶ್ವವಿದ್ಯಾಲಯಗಳ ಮೌನವೂ ಈ ಲೆಕ್ಕಕ್ಕೆ ಸೇರಬೇಕು. ತಮ್ಮದೇ ಮೇಳದಲ್ಲಿ ಮಳಿಗೆ ಬಾಡಿಗೆಗೆ ಕೊಡುವಾಗ ಅಲ್ಲಿ ಮಾರುವುದು ಏನೆಂದು ಅವು ಕೇಳಬಹುದು. ರೈತನ ಮಟ್ಟಿಗೆ ಮೇಳದ ಮಳಿಗೆ ಎಂದರೆ ವಿಶ್ವವಿದ್ಯಾಲಯದ ಮೊಹರು ಬಿದ್ದ ಹಾಗೆಯೇ. ಗಂಗಾವತಿಯಂಥ ಕೇಂದ್ರದಲ್ಲಿ ಸವಳು ಹೊಲವೂ ಇದೆ, ಪ್ರಯೋಗಾಲಯವೂ ಇದೆ. ಪೇಟೆಯಲ್ಲಿ ಸಿಗುವ ನಾಲ್ಕು ನಮೂನೆಯ ಅಯಸ್ಕಾಂತ ಕೊಂಡು, ಖಾಲಿ ಕೊಳವೆಯ ಜೋಡಿಯೊಂದಿಗೆ ಮೂರು ವರ್ಷ ಪರೀಕ್ಷಿಸಿ, ಫಲ ಬಂದರೆ ಬಂತೆಂದು, ಬಾರದಿದ್ದರೆ ಬಾರಲಿಲ್ಲವೆಂದು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಪ್ರತಿ ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸುವುದಕ್ಕೆ ತಗಲುವ ಖರ್ಚು ಒಂದು ಮೇಳದ ಶಾಮಿಯಾನದ ಬಾಡಿಗೆಗಿಂತ ಬಹಳ ಹೆಚ್ಚಾಗಲಾರದು.

ಅಲ್ಲಿಯವರೆಗೆ ಊರಿನಿಂದ ವಿಡಿಯೊ ಬಂದವರು ದುಡ್ಡು ಕಳಿಸುವ ಮೊದಲು ಇಷ್ಟು ಮಾಡಿಸಬಹುದು. ಕೈಯಲ್ಲಿ ಹಿಡಿಯುವ ಇ.ಸಿ. ಮೀಟರ್ ಈಗ ಸಾವಿರ ಎರಡು ಸಾವಿರ ರೂಪಾಯಿಗೆ ಸಿಗುತ್ತದೆ. ಅಯಸ್ಕಾಂತಕ್ಕೆ ಹೋಗುವ ಮುಂಚಿನ ನೀರು ಒಂದು ಲೋಟ, ಹೋದ ಮೇಲಿನದು ಒಂದು ಲೋಟ. ಎರಡರಲ್ಲೂ ಅದ್ದಿ ನೋಡಲಿ. ಹೊಲದ ಮಣ್ಣನ್ನು ಒಂದಡಿ, ಎರಡಡಿ, ಮೂರಡಿ ಆಳದಿಂದ ತೆಗೆದು ಪರೀಕ್ಷೆಗೆ ಕೊಟ್ಟು, ರೋಗ ಬರೀ ಸವಳೋ, ಸೋಡಿಯಂ ಸೇರಿದ ಕ್ಷಾರವೋ ಎಂದು ತಿಳಿಯಲಿ. ಜಿಪ್ಸಂ ಬೇಕೋ ಬೇಡವೋ ಎಂಬುದು ಅದರಿಂದ ನಿರ್ಧಾರವಾಗುತ್ತದೆ. ಮಳೆಗಾಲದಲ್ಲಿ ಬದುವಿನೊಳಗೆ ಮಳೆನೀರು ನಿಲ್ಲಿಸಿ ಇಂಗಿಸಿದರೆ ಎಷ್ಟು ಉಪ್ಪು ಇಳಿಯಿತೆಂದು ಅದೇ ಮೀಟರ್ ಹೇಳುತ್ತದೆ. ಹೊಲದ ಕೆಳಬದಿಯಲ್ಲಿ ಹಳೆಯ ಬಸಿಗಾಲುವೆ ಇದ್ದು ಯಾರೋ ಮುಚ್ಚಿ ಉತ್ತಿದ್ದಾರೆಯೇ ಎಂದೂ ಕೇಳಿ ನೋಡಲಿ. ಎಷ್ಟೋ ಊರುಗಳಲ್ಲಿ ಹಾಗೆ ಆಗಿದೆ.

ಬಸಿಗೊಳವೆ ಹಾಕಿದ ಹೊಲದಲ್ಲಿ ಮೊದಲ ಪ್ರಶ್ನೆಗೆ ಉತ್ತರ ಕಣ್ಣಿಗೇ ಕಾಣುತ್ತದೆ. ಪೈಪಿನ ಬಾಯಲ್ಲಿ ಹೊರಬೀಳುವ ನೀರಿಗೆ ಮೀಟರ್ ಹಿಡಿದರೆ ಅಂಕಿ ಬಾವಿಯ ನೀರಿಗಿಂತ ಎಷ್ಟೋ ಪಟ್ಟು ಮೇಲೆ ಹಾರುತ್ತದೆ. ಬೇಕಿದ್ದರೆ ನಾಲಿಗೆಗೆ ಹಚ್ಚಿಯೂ ನೋಡಬಹುದು. ಉಪ್ಪು ಅಲ್ಲಿ ಹೋಗುತ್ತಿದೆ. ಆ ನೀರು ಹಳ್ಳ ಸೇರಿ, ಹಳ್ಳ ಕೃಷ್ಣೆಯನ್ನೋ ತುಂಗಭದ್ರೆಯನ್ನೋ ಸೇರುತ್ತದೆ, ಆ ಹೊಳೆಯ ಕೆಳಗೂ ಊರುಗಳಿವೆ. ಸಾಂಗ್ಲಿಯ ಹೊಲ ತೊಳೆದ ಉಪ್ಪು ಗಡಿ ದಾಟಿ ಬೆಳಗಾವಿ, ಬಾಗಲಕೋಟೆಗೆ, ರಾಯಚೂರಿನದು ತೆಲಂಗಾಣಕ್ಕೆ. ಯಾವ ತಿಂಗಳು ಎಷ್ಟು ಬಿಡಬೇಕು, ಹೊಳೆ ತುಂಬಿ ಹರಿಯುವಾಗ ಮಾತ್ರ ಬಿಡಬೇಕೇ, ಬೇಸಿಗೆಯಲ್ಲಿ ಕೆರೆ ಕಟ್ಟಿ ಹಿಡಿದಿಡಬೇಕೇ ಎಂಬುದನ್ನು ಮೂರು ರಾಜ್ಯಗಳು ಕೂತು ಮಾತಾಡಬೇಕು. ಕೃಷ್ಣೆಯ ನೀರು ಹಂಚಿಕೊಳ್ಳಲು ಎರಡು ನ್ಯಾಯಮಂಡಳಿಗಳ ಮುಂದೆ ದಶಕಗಟ್ಟಲೆ ಜಗಳವಾಡಿದ ರಾಜ್ಯಗಳು ಕೃಷ್ಣೆಯ ಉಪ್ಪನ್ನು ಹಂಚಿಕೊಳ್ಳುವ ಮಾತನ್ನು ಇನ್ನೂ ಎತ್ತಬೇಕಾಗಿದೆ.